ಕಾಲಡಿಗೆ ಯಾವ ಮರ

ನಮ್ಮ ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ಒಂದು ನೀಲಿ ಪ್ಲಾಸ್ಟಿಕ್ ಕುರ್ಚಿ ಇತ್ತು. ಕುರ್ಚಿಯ ಮೇಲೆ ನಮ್ಮತ್ತೆ ಕೆಂಚಕ್ಕ ಇದ್ದರು. ಎರಡರಲ್ಲಿ ಒಂದನ್ನಾದರೂ ಅಲ್ಲಿಂದ ಎತ್ತಿಸೋಣ ಎಂದರೆ ನನ್ನಿಂದ ಆಗಲಿಲ್ಲ.

ಇದಕ್ಕೆಲ್ಲ ಮೂಲ ನಮ್ಮ ಮನೆಯವರು. ಹೆಸರು ಮಾರುತೇಶ, ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ನೋಡಿ ಆರಿಸುವ ಕೆಲಸ. ಶೇಂಗಾ ಒಂದು ಬಿಟ್ಟು ಬೇರೆ ಏನನ್ನು ಆರಿಸಲು ಕಳಿಸಿದರೂ ಕೆಡಿಸಿಕೊಂಡು ಬರುತ್ತಾರೆ. ಮನೆ ರಿಪೇರಿ ಮಾಡಿಸಿದಾಗ ಅಡುಗೆಮನೆಯ ಹಳೆಯ ಕಡಪ ಕಲ್ಲು ಕೀಳಿಸಿ, ಮುಖ ಕಾಣುವಂಥ ಟೈಲ್ಸ್ ಹಾಕಿಸಿದರು. ಅಡುಗೆ ಮಾಡುವವಳಿಗೆ ಕಾಲ ಕೆಳಗೆ ತನ್ನ ಮುಖ ಯಾಕೆ ಕಾಣಬೇಕು ಎಂದು ಕೇಳಿದೆ. ಶೋ ಎಂದರು.

ನಮ್ಮತ್ತೆ ಮುದ್ದೆ ತೊಳಸುವುದು ಹಳೇ ಕ್ರಮದಲ್ಲಿ. ಪಾತ್ರೆಯನ್ನು ಒಲೆಯಿಂದ ನೆಲಕ್ಕಿಳಿಸಿ, ಅದರ ಕಂಠಕ್ಕೆ ಕವೆಗೋಲು ಸಿಕ್ಕಿಸಿ, ಆ ಕವೆಯ ತುದಿಗಳನ್ನು ಎರಡೂ ಪಾದದಿಂದ ಒತ್ತಿ ಹಿಡಿದು, ಮೇಲಿಂದ ಕೋಲಿನಲ್ಲಿ ತಿರುವುತ್ತಾರೆ. ಕಡಪ ಕಲ್ಲಿನ ಮೇಲೆ ಈ ಮನೆಗೆ ಬಂದಾಗಿನಿಂದ ಹೀಗೆ ನಡೆದಿತ್ತು. ಹೊಸ ಟೈಲ್ಸಿನ ಮೇಲೆ ಒಂದು ದಿನ ಕೋಲು ಒತ್ತುತ್ತಿದ್ದಂತೆ ಪಾತ್ರೆ, ಕವೆಗೋಲು, ಅತ್ತೆ ಮೂವರೂ ಒಟ್ಟಿಗೆ ಹೊರಟು ಫ್ರಿಜ್ಜಿಗೆ ಹೋಗಿ ತಗುಲಿಕೊಂಡರು. ಮುದ್ದೆ ಚೆಲ್ಲಲಿಲ್ಲ. ಅತ್ತೆಯ ಸೊಂಟ ಉಳುಕಿತು, ಎಡಗೈ ಮುರಿದು ಪಟ್ಟಿ ಹಾಕಿಸಬೇಕಾಯಿತು.

ಇನ್ನೊಂದು ಸಲ ಬಿದ್ದರೆ ಎದ್ದು ಓಡಾಡುವ ಮಾತೇ ಇಲ್ಲ ಎಂದು ಡಾಕ್ಟರು ಹೇಳಿದರು. ನಮ್ಮ ಮನೆಯವರು ಹೆದರಿ, ಈ ನೆಲ ಇರುವತನಕ ಅಡುಗೆಮನೆಗೆ ಕಾಲಿಡಬಾರದು ಎಂದು ಅವ್ವನ ಹತ್ತಿರ ಆಣೆ ಹಾಕಿಸಿಕೊಂಡರು. ಅತ್ತೆ ಆಣೆ ಮುರಿಯುವವರಲ್ಲ. ಕಾಲಿಡಬಾರದು ಎಂದಿದ್ದಾನೆ, ಬಾಯಿಡಬಾರದು ಎಂದಿಲ್ಲವಲ್ಲ ಎಂದು ಹೊಸ್ತಿಲಾಚೆಗೆ ಕುರ್ಚಿ ಹಾಕಿಸಿಕೊಂಡು ಕೂತರು. ಅಂದಿನಿಂದ ನನ್ನ ಕರ್ಮ ಶುರುವಾಯಿತು.

ಸಾಸಿವೆ ಸಿಡಿಯುವ ಮುಂಚೆ ಈರುಳ್ಳಿ ಹಾಕಿದೆ, ಸೊಪ್ಪಿಗೆ ನೀರು ಜಾಸ್ತಿಯಾಯಿತು, ಆ ಲೋಟ ಅಲ್ಲಿಡುವುದಲ್ಲ. ಎದ್ದಾಗಿನಿಂದ ಮಲಗುವತನಕ ಇದೇ. ನಾನು ನಿಂತುಕೊಂಡು ಒಲೆಯ ಮೇಲೇ ತೊಳಸಿದ ಮುದ್ದೆಯಲ್ಲಿ ಗಂಟು ಇರುತ್ತಿದ್ದವು, ಅದು ನಿಜ. ಆದರೆ ಆ ಗಂಟುಗಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿಡುವ ಅಗತ್ಯವಿತ್ತೇ, ನೀವೇ ಹೇಳಿ. ಒಂದು ದಿನ ತಡೆಯಲಾರದೆ, ಟಿವಿ ಮುಂದೆ ಹೋಗಿ ಕೂತುಕೊಳ್ಳಬಾರದೇ ಎಂದುಬಿಟ್ಟೆ.

ಅತ್ತೆ ಜಗಳ ಮಾಡಲಿಲ್ಲ. "ನಿಂಗೆ ಅಡ್ಡ ಅಂತ ಗೊತ್ತೈತೆ ಸುನಿತಾ. ಬ್ಯಾರೆ ಎಲ್ಲಿ ಕೂತ್ರೂ ಯಾರ್ದೋ ಮನೆಗೆ ಬಂದಂಗೆ ಆಗ್ತೈತೆ, ಏನ್ ಮಾಡ್ಲಿ?" ಎಂದರು.

ಈ ಮುದುಕಿಯನ್ನು ಹೇಗಾದರೂ ಮಾಡಿ ಅಡುಗೆಮನೆಯ ಒಳಗೆ ಸೇರಿಸಬೇಕು ಎಂದು ಅವತ್ತೇ ತೀರ್ಮಾನಿಸಿದೆ. ಅವರ ನೆಮ್ಮದಿಗೂ ಹೌದು, ನನ್ನ ನೆಮ್ಮದಿಗೂ ಹೌದು.

ದಾರಿ ಸಿಕ್ಕಿದ್ದು, ಕೈಯ ಪಟ್ಟಿ ಬಿಚ್ಚಿದ ಮೇಲೆ ಸೊಂಟದ ವ್ಯಾಯಾಮಕ್ಕೆ ಕರೆದುಕೊಂಡು ಹೋಗುತ್ತಿದ್ದ ಕ್ಲಿನಿಕ್ಕಿನಲ್ಲಿ. ಅಲ್ಲಿನ ನೆಲ ಮರದ್ದು. ಮನೆಯಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದ ಅತ್ತೆ ಅಲ್ಲಿ ಯಾರನ್ನೂ ಹಿಡಿಯದೆ ಆ ತುದಿಯಿಂದ ಈ ತುದಿಗೆ ನಡೆದರು. ಸಾಕು ಕೂತುಕೊಳ್ಳಿ ಎಂದ ಮೇಲೂ ಇನ್ನೊಂದು ಸಲ ಹೋಗಿ ಬಂದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, ಇದು ಮನೆಗಳಿಗೂ ಸಿಗುತ್ತದೆಯೇ ಎಂದು ಗುಟ್ಟಾಗಿ ಕೇಳಿದರು.

ಸಿಗುತ್ತದೆ ಎಂದು ಬಳ್ಳಾರಿ ರಸ್ತೆಯಲ್ಲಿ ನೆಲಕ್ಕೆ ಹಾಸುವ ಹಲಗೆಗಳ ಅಂಗಡಿ ಇಟ್ಟಿರುವ ಚಂದ್ರಣ್ಣ ಹೇಳಿದ. ಆದರೆ ನಮ್ಮ ಮನೆಗೆ ಮರ ತರುವುದೆಂದರೆ ಅಂಗಡಿಗೆ ಹೋಗಿ ತಂದಷ್ಟು ಸುಲಭವಲ್ಲ. ನಮ್ಮವರಲ್ಲಿ ಒಂದೊಂದು ವಂಶಕ್ಕೂ ಒಂದು ಬೆಡಗು, ಬೆಡಗಿಗೆ ಒಂದು ಮರವೋ ಪ್ರಾಣಿಯೋ ಇರುತ್ತದೆ. ಮರವಾದರೆ ಅದನ್ನು ಕಡಿಯುವಂತಿಲ್ಲ, ಸುಡುವಂತಿಲ್ಲ, ತುಳಿಯುವಂತಿಲ್ಲ. ನನ್ನ ಗಂಡನ ಮನೆಯವರು ಬೇವಿನೋರು. ಯುಗಾದಿಯ ದಿನ ಊರೆಲ್ಲ ಬೇವು ಬೆಲ್ಲ ತಿಂದರೆ ಇವರು ಬೇವಿಗೆ ಕೈ ಮುಗಿದು ಬರೀ ಬೆಲ್ಲ ತಿನ್ನುತ್ತಾರೆ. ಈ ಸಂಬಂಧಕ್ಕೆ ನಾನು ಹೂಂ ಎಂದದ್ದರಲ್ಲಿ ಆ ಬೆಲ್ಲದ ಪಾಲೂ ಇದೆ.

ನಾನು ಹುಟ್ಟಿದ್ದು ಜಾಲಿಯೋರ ಮನೆಯಲ್ಲಿ, ವರವು ಕಾವಲು ಎಂಬ ಹುಲ್ಲುಗಾವಲಿನ ಅಂಚಿನ ಒಂದು ಹಳ್ಳಿ. ಹೆಜ್ಜೆ ಇಟ್ಟಲ್ಲೆಲ್ಲ ಜಾಲಿಮುಳ್ಳು ಇರುವ ಊರಿನಲ್ಲಿ ಜಾಲಿಯನ್ನೇ ಬೆಡಗು ಮಾಡಿಕೊಂಡ ನಮ್ಮ ಹಿರಿಯರ ಬುದ್ಧಿಗೆ ಏನು ಹೇಳುವುದು. ಅಂಗಾಲಿಗೆ ಮುಳ್ಳು ಚುಚ್ಚಿ ಪ್ರಾಣ ಹೋಗುತ್ತಿದ್ದರೂ ಬೈಯುವಂತಿರಲಿಲ್ಲ, ಮೊದಲು ಕೈ ಮುಗಿದು ಆಮೇಲೆ ಕೀಳಬೇಕಿತ್ತು. ಧಾರೆ ಎರೆದ ನೀರು ಕೆಳಗೆ ಬೀಳುವಷ್ಟರಲ್ಲಿ ಹೆಣ್ಣಿನ ಬೆಡಗು ಬದಲಾಗುತ್ತದೆ. ಹಾಗೆ ನಾನೂ ಜಾಲಿ ಬಿಟ್ಟು ಬೇವಿಗೆ ಬಂದೆ. ಇನ್ನು ಮೇಲೆ ಮುಳ್ಳಿಗೆ ಬಾಯ್ತುಂಬ ಬೈಯಬಹುದು ಎಂದು ಸಮಾಧಾನವಾಗಿತ್ತು.

ಈ ಮನೆಯೊಳಗೆ ಮರದ್ದು ಏನೇ ಬಂದರೂ ಮೊದಲು ನೋಡಬೇಕಾದವರು ನಮ್ಮ ಸಣ್ಣ ಮಾವ ಚಿಕ್ಕೀರಪ್ಪ. ತೀರಿಹೋದ ನಮ್ಮ ಮಾವನ ತಮ್ಮ, ಬಿ.ಜಿ. ಕೆರೆಯಲ್ಲಿದ್ದಾರೆ. ಬಾಗಿಲು ಚೌಕಟ್ಟು, ಮಂಚ, ನಾನು ತವರಿನಿಂದ ತಂದ ಲಟ್ಟಣಿಗೆ, ಎಲ್ಲಕ್ಕೂ ಅವರ ಒಪ್ಪಿಗೆ ಆಗಿದೆ. ಮಾತಾಡುವುದು ಕನ್ನಡವೇ, ತೀರ್ಪು ಕೊಡುವಾಗ ಮಾತ್ರ ತೆಲುಗಿಗೆ ಹೋಗುತ್ತಾರೆ. ನೆಲಕ್ಕೆ ಮರ ಎಂದು ಫೋನಿನಲ್ಲಿ ಕೇಳಿದ್ದೇ ತಡ, ಮಾರನೇ ದಿನ ಮೊದಲ ಬಸ್ಸಿಗೆ ಬಂದಿಳಿದರು.

ನಾವು ನಾಲ್ವರೂ ಚಂದ್ರಣ್ಣನ ಅಂಗಡಿಗೆ ಹೋದೆವು. ಚಂದ್ರಣ್ಣ ಮೊದಲು ನಿಜವಾದ ಮರದ ಹಲಗೆ ತೋರಿಸಿ, ಇದಕ್ಕೆ ನೀರು ತಾಗಿಸಬಾರದು, ಒದ್ದೆ ಬಟ್ಟೆ ಚೆನ್ನಾಗಿ ಹಿಂಡಿ ಒರೆಸಿದರೆ ಸಾಕು ಎಂದ. ನೀರು ಹೊಯ್ದು ತೊಳೆಯದ ಅಡುಗೆಮನೆ ಎಂಥದ್ದು ಎಂದು ಅತ್ತೆ ಮುಖ ಗಂಟಿಕ್ಕಿದರು. ಅವನು ಕೂಡಲೇ ಬೇರೆ ಹಲಗೆ ತೆಗೆದ. ಇದನ್ನು ಬಾವಿಗೆ ಹಾಕಿ ತೆಗೆದರೂ ಏನೂ ಆಗುವುದಿಲ್ಲ, ಒಳಗೆ ಕಲ್ಲಿನ ಪುಡಿ ಮತ್ತು ಪ್ಲಾಸ್ಟಿಕ್, ಜಾರುವುದೂ ಇಲ್ಲ ಎಂದ. ಹಾಗಾದರೆ ಮರ ಎಲ್ಲಿ ಎಂದು ಅತ್ತೆ ಕೇಳಿದರು. ಮೇಲೆ ಮರದ ಫೋಟೋ ಇದೆ ಎಂದ.

ನಮ್ಮ ಮನೆಯವರು ಒಂದು ಹಲಗೆ ತೆಗೆದುಕೊಂಡು ಬೆರಳಲ್ಲಿ ಒತ್ತಿದರು. ಆಮೇಲೆ ಮೂಗಿಗೆ ಹಿಡಿದರು. ತೇವ ಇಲ್ಲ, ಒಳ್ಳೇ ಮಾಲು ಎಂದರು. ಇಂಥವರ ಜೊತೆ ನಾನು ಸಂಸಾರ ಮಾಡುತ್ತಿದ್ದೇನೆ.

ನನ್ನ ಕಣ್ಣು ಹೋದದ್ದು ಒಂದು ಕೆಂಪು ಬಣ್ಣದ ಹಲಗೆಯ ಮೇಲೆ. ಚಂದ್ರಣ್ಣ ಅದನ್ನು ಚೆರ್ರಿ ಎಂದ. ಹದವಾದ ಕೆಂಪು, ನಡುವೆ ಸಣ್ಣ ಗೆರೆಗಳು, ಅಂಗೈಯಲ್ಲಿ ಸವರಿ ನೋಡಿದರೆ ಕೆಳಗಿಡಲು ಮನಸ್ಸಾಗಲಿಲ್ಲ. ಯಾಕೋ ನನ್ನದೇ ಎನಿಸಿತು. ಇದೇ ಇರಲಿ ಎಂದೆ. ಅತ್ತೆ ಬಗ್ಗಿ ಹಲಗೆ ನೋಡಿದರು, ನನ್ನನ್ನು ನೋಡಿದರು, ಇದು ಬೇಡ ಎಂದರು. ಯಾಕೆ ಎಂದರೆ, ಇದರ ಮೇಲೆ ಸಾರು ಚೆಲ್ಲಿದರೆ ಕಾಣುವುದಿಲ್ಲವಂತೆ. ನಾನು ಸಾರು ಚೆಲ್ಲುವವಳೇ ಎಂದು ಕೇಳಿದೆ. ಚೆಲ್ಲುತ್ತೀಯ ಎಂದರು. ಅಂಗಡಿಯವನ ಮುಂದೆ ಮರ್ಯಾದೆ ಹೋಯಿತು.

ಮುಂದಿನದು ಹಳದಿ ಬಣ್ಣದ್ದು. ಸಣ್ಣ ಮಾವ ಕನ್ನಡಕ ಏರಿಸಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದಿ ವ್ಯಾಪಚೆಟ್ಟೇ," ಎಂದು ತೀರ್ಪು ಕೊಟ್ಟರು. ಬೇವಿನ ಮರವೇ ಎಂದರ್ಥ. ತಲೆತಲಾಂತರದಿಂದ ಬೇವಿಗೆ ಕೊಡಲಿ ಮುಟ್ಟಿಸದ ವಂಶದವರಿಗೆ ಬೇವಿನ ಒಳಗು ಯಾವ ಬಣ್ಣ ಎಂದು ಹೇಗೆ ಗೊತ್ತಾಯಿತೋ, ನಾನು ಕೇಳಲಿಲ್ಲ.

ನಮ್ಮ ಮನೆಯವರು ಮಾತ್ರ ಸುಮ್ಮನಿರಲಾರದೆ, "ಚಿಕ್ಕಪ್ಪ, ಇದು ಮರ ಅಲ್ಲ, ಬರೀ ಫೋಟೋ," ಎಂದರು.

"ನಿಮ್ಮಪ್ಪಂದೂ ಫೋಟೋನೇ ಗೋಡೆ ಮ್ಯಾಲಿರೋದು. ತಂದು ಕೆಳಗ್ ಹಾಕ್ತೀನಿ, ತುಳೀತೀಯೇನಪ್ಪ?"

ನಮ್ಮ ಮನೆಯವರು ಹಲಗೆಯನ್ನು ಮೆಲ್ಲಗೆ ಕೆಳಗಿಟ್ಟು, ಅದಕ್ಕೊಂದು ಕೈ ಮುಗಿದು, ಹಿಂದೆ ಸರಿದರು. ಚಂದ್ರಣ್ಣ ನೀರು ಕುಡಿದು ಬಂದ.

ಉಳಿದದ್ದರಲ್ಲಿ ಚೆನ್ನಾಗಿದ್ದದ್ದು ಕಪ್ಪುಗಂದು ಬಣ್ಣದ್ದು. ವಾಲ್ನಟ್ ಎಂದ. ಅದು ಪರದೇಶದ ಮರ, ಚಳ್ಳಕೆರೆ, ಮೊಳಕಾಲ್ಮುರು ಎರಡೂ ತಾಲ್ಲೂಕಿನಲ್ಲಿ ವಾಲ್ನಟ್ಟಿನೋರು ಎಂಬ ಬೆಡಗು ಇಲ್ಲವೆಂದು ಸಣ್ಣ ಮಾವ ಖಾತ್ರಿಪಡಿಸಿದರು. ನಾನು ಅತ್ತೆಯನ್ನು ಕೇಳಿದೆ. ಅವರು ಬಹಳ ಹೊತ್ತು ಆ ಹಲಗೆಯ ಗೆರೆಗಳನ್ನೇ ನೋಡುತ್ತಿದ್ದರು. ನಿಮ್ಮಿಷ್ಟ ಎಂದರು.

ನಮ್ಮ ಮನೆಯಲ್ಲಿ ನಿಮ್ಮಿಷ್ಟ ಎಂದರೆ ಬೇಡ ಎಂದೇ ಅರ್ಥ. ಅದು ನನಗೆ ಚೆನ್ನಾಗಿ ಗೊತ್ತು. ಆದರೆ ಸಾರಿನ ಮಾತು ಇನ್ನೂ ಮನಸ್ಸಿನಲ್ಲಿ ಕುದಿಯುತ್ತಿತ್ತು. ನಿಮ್ಮಿಷ್ಟ ಎಂದಿದ್ದೀರಲ್ಲ, ನಮ್ಮಿಷ್ಟ ಇದೇ ಎಂದು ಹೇಳಿ ಎದ್ದೆ.

ಚಂದ್ರಣ್ಣನೇ ಬಂದು ಹಾಕಿಕೊಟ್ಟ. ಗಾರೆ ಇಲ್ಲ, ಗೋಂದು ಇಲ್ಲ, ಟೈಲ್ಸಿನ ಮೇಲೇ ಒಂದಕ್ಕೊಂದು ಸಿಕ್ಕಿಸಿದರೆ ಟಕ್ ಎಂದು ಕೂತುಕೊಳ್ಳುತ್ತದೆ. ಮಧ್ಯಾಹ್ನದೊಳಗೆ ಕೆಲಸ ಮುಗಿಯಿತು. ಸಣ್ಣ ಮಾವ ಶಾಸ್ತ್ರಕ್ಕೆಂದು ಬಂದಿದ್ದರು. ನಾನು ರಾಗಿ ಹಿಟ್ಟು ಅಳೆದಿಟ್ಟು, ಎಸರಿಟ್ಟು, ಕವೆಗೋಲು ತೊಳೆದು ಒರೆಸಿ, ಬನ್ನಿ ಅತ್ತೆ ಎಂದು ಕರೆದೆ.

ಅತ್ತೆ ಎದ್ದು ಹೊಸ್ತಿಲವರೆಗೆ ಬಂದರು. ಬಲಗಾಲು ಎತ್ತಿದರು. ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ಇಟ್ಟರು. ಹೋಗಿ ಕುರ್ಚಿಯ ಮೇಲೆ ಕೂತು, ಎಸರು ಉಕ್ಕುತ್ತಿದೆ ನೋಡು ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಚಂದ್ರಣ್ಣ ಇದ್ದಾನೆ, ಸಣ್ಣ ಮಾವ ಇದ್ದಾರೆ ಎನ್ನುವುದನ್ನೂ ನೋಡಲಿಲ್ಲ. "ನಿಮಗೆ ನೆಲ ಬೇಕಿರ್ಲಿಲ್ಲ ಅತ್ತೆ, ಆ ಕುರ್ಚಿ ಬೇಕಿತ್ತು. ಅಲ್ಲಿ ಕೂತ್ಕಂಡು ನನ್ನ ಆಡಿಸ್ಬೇಕು ನಿಮಗೆ, ಅಷ್ಟೇ ತಾನೆ?"

ಅತ್ತೆ ತಲೆ ಎತ್ತಲಿಲ್ಲ. "ಅದು ಕಮರ ಕಣೆ," ಎಂದರು.

ಕಮರ ನಮ್ಮ ಕಡೆಯ ಒಣಗುಡ್ಡಗಳಲ್ಲಿ ಬೆಳೆಯುವ ಗಟ್ಟಿ ಮರ. ಅಲ್ಲಕ್ಕ, ಇದು ವಾಲ್ನಟ್ಟು ಎಂದು ಚಂದ್ರಣ್ಣ ಡಬ್ಬದ ಮೇಲಿನ ಚೀಟಿ ತೋರಿಸಲು ಹೋದ. ಚೀಟಿ ಯಾವನು ಬೇಕಾದರೂ ಅಂಟಿಸಬಹುದು, ಗೆರೆ ನೋಡು ಎಂದರು ಅತ್ತೆ. ಅವರ ತವರು ಮೊಳಕಾಲ್ಮುರಿನ ಆಚೆ, ಗಡಿಯ ಹತ್ತಿರ. ಅಲ್ಲಿನವರು ಕಮರದೋರು. ಅವರು ಚಿಕ್ಕವರಿದ್ದಾಗ ಗಾಳಿಗೆ ಒಂದು ದೊಡ್ಡ ಕಮರ ಸೀಳಿ ದಾರಿಗೆ ಅಡ್ಡ ಬಿದ್ದಿತ್ತಂತೆ. ಅವರ ಮನೆಯವರು ಯಾರೂ ಅದನ್ನು ದಾಟಲಿಲ್ಲ, ಅದು ಮಣ್ಣಾಗುವತನಕ ಹೊಲಕ್ಕೆ ಸುತ್ತಿಕೊಂಡೇ ಹೋಗುತ್ತಿದ್ದರಂತೆ. ಒಳಗಿನ ಬಣ್ಣ ಹೀಗೇ ಇತ್ತು, ಹೀಗೇ ಗೆರೆ ಇದ್ದವು ಎಂದರು.

ಸಣ್ಣ ಮಾವನಿಗೆ ಇದು ಹಿಡಿಸಲಿಲ್ಲ. "ಅತ್ತಿಗೆಮ್ಮ, ನೀವು ಬೇವಿನೋರ ಮನೆಗೆ ಬಂದ ದಿನಾನೇ ಕಮರ ಬಿಟ್ಟೋತು. ಹೆಣ್ಣಿಗೆ ಎಲ್ಲಾದ್ರೂ ಎರಡು ಬೆಡಗು ಇರ್ತಾವಾ?"

"ಬೆಡಗು ಬಿಟ್ಟು ಬಾ ಅಂದ್ರಿ, ಬಿಟ್ಟು ಬಂದೆ ಕಣಪ್ಪ," ಎಂದರು ಅತ್ತೆ. "ಕಾಲು ಅಲ್ಲಿಂದಲೇ ತಂದೀನಲ್ಲ."

ಸಣ್ಣ ಮಾವ ತೆಲುಗಿನಲ್ಲಿ ಏನೋ ಶುರು ಮಾಡಿ, ಅರ್ಧಕ್ಕೇ ಬಿಟ್ಟು ಕನ್ನಡಕ ಒರೆಸಿಕೊಂಡರು. ನನಗೆ ಥಟ್ಟನೆ ಅಟ್ಟದ ಮೇಲಿನ ಕವೆಗೋಲು ನೆನಪಾಯಿತು. ನಮ್ಮ ಮನೆಯವರು ಒಮ್ಮೆ ಮೊಳಕಾಲ್ಮುರು ಸಂತೆಯಿಂದ ಕಪ್ಪಗೆ ಮಿರಿಮಿರಿ ಮಿಂಚುವ ಒಂದು ಕವೆಗೋಲು ತಂದಿದ್ದರು. ಅತ್ತೆ ಅದಕ್ಕೆ ಒಂದು ದಿನವೂ ಕಾಲು ಮುಟ್ಟಿಸದೆ, ಭಾರ ಎಂದು ಅಟ್ಟಕ್ಕೆ ಸಿಕ್ಕಿಸಿ, ಹಳೆಯ ಸೊಟ್ಟ ಕೋಲಿನಲ್ಲೇ ಕಾಲ ತಳ್ಳಿದ್ದರು. ಮುದುಕಿ ಒಳ್ಳೆಯದನ್ನು ಮುಚ್ಚಿಡುತ್ತಾಳೆ, ಜಿಪುಣಿ ಎಂದು ನಾನು ತವರಿನಲ್ಲೆಲ್ಲ ಹೇಳಿಕೊಂಡು ಬಂದಿದ್ದೆ. ಆ ಕೋಲು ಕಮರದ್ದು ಎಂದು ಈಗ ಹೊಳೆಯಿತು.

ಅಂಗಡಿಯಲ್ಲೇ ಇದನ್ನು ಹೇಳಬಾರದಿತ್ತೇ ಎಂದು ಕೇಳಿದೆ. ಈ ವಯಸ್ಸಿನಲ್ಲಿ ನಮ್ಮವ್ವನ ಮನೆ ಮರ ಎಂದರೆ ನಗುತ್ತಾರೆ, ನಾಚಿಕೆಯಾಯಿತು ಎಂದರು. ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಹಾಗಾದರೆ ಆ ಕೆಂಪು ಹಲಗೆಗೆ ಒಪ್ಪಿದ್ದರೆ ಆಗುತ್ತಿತ್ತು, ಅದಕ್ಕಂತೂ ಸಾರು ಚೆಲ್ಲಿದರೆ ಕಾಣುವುದಿಲ್ಲ ಎಂದು ಕುಂಟು ನೆಪ ಹೇಳಿದಿರಿ ಎಂದೆ.

"ಅದು ಜಾಲಿ ಅಲ್ವೇನೆ," ಎಂದರು ಅತ್ತೆ. "ನೀನು ಹೆಂಗೆ ತುಳೀತಿದ್ದೆ?"

ನಾನು ಜಾಲಿ ಬಿಟ್ಟು ಯಾವ ಕಾಲವಾಯಿತು ಎಂದೆ.

"ಎಲ್ಲಿ ಬಿಟ್ಟೀಯ? ಹಿತ್ತಲಾಗೆ ಮುಳ್ಳು ಚುಚ್ಚಿದಾಗೆಲ್ಲ ಮೊದ್ಲು ಕೈ ಮುಗೀತೀಯ, ಆಮ್ಯಾಲೆ ಕೀಳ್ತೀಯ. ನೀನು ಈ ಮನೆಗೆ ಬಂದಾಗಿಂದ ನೋಡ್ತಿದೀನಿ."

ಸುಳ್ಳು ಎನ್ನಲು ಬಾಯಿ ತೆರೆದೆ. ಮುಳ್ಳಿಗೆ ಬಾಯ್ತುಂಬ ಬೈಯಬೇಕು ಎಂದು ಅಷ್ಟು ಆಸೆಪಟ್ಟವಳು ಎಂದಾದರೂ ಬೈದಿದ್ದೆನೇ ಎಂದು ನೆನೆದರೆ ನೆನಪಾಗಲಿಲ್ಲ. ನನಗೇ ಗೊತ್ತಿಲ್ಲದ್ದನ್ನು ಈ ಮುದುಕಿ ನೋಡಿ ನೆನಪಿಟ್ಟುಕೊಂಡು, ನನ್ನ ಮರ ನನ್ನ ಕಾಲಡಿಗೆ ಬರದಂತೆ ಅಂಗಡಿಯಲ್ಲಿ ಅಡ್ಡ ನಿಂತಿದ್ದರು. ತನ್ನ ಮರಕ್ಕೆ ಬಂದಾಗ ನಿಮ್ಮಿಷ್ಟ ಎಂದಿದ್ದರು. ನನಗೆ ಅಳು ಬಂತು. ಎಸರು ನೋಡುವ ನೆವದಲ್ಲಿ ಒಲೆಯ ಕಡೆ ತಿರುಗಿ ಕಣ್ಣೀರು ಹಾಕಿದೆ.

ಕಣ್ಣೊರೆಸಿಕೊಂಡು ಬಂದು, ಕೀಳಪ್ಪ ಇದನ್ನೆಲ್ಲ ಎಂದೆ. ಚಂದ್ರಣ್ಣ ನಮ್ಮ ಮನೆಯವರ ಮುಖ ನೋಡಿದ. ನಮ್ಮ ಮನೆಯವರು, ಆಕೆ ಹೇಳಿದಂತೆ ಮಾಡು ಎಂದರು. ಟಕ್ ಎಂದು ಕೂತದ್ದು ಟಕ್ ಟಕ್ ಎಂದು ಎದ್ದಿತು. ಹಲಗೆಗಳನ್ನು ಕಟ್ಟಿಕೊಳ್ಳುತ್ತಾ ಚಂದ್ರಣ್ಣ, ನಿಮ್ಮ ಮನೆಗೆ ಇನ್ನೊಬ್ಬ ಸೊಸೆ ಬಂದರೆ ನಾನು ಅಂಗಡಿ ಮುಚ್ಚಿಕೊಂಡು ಹೋಗಬೇಕು ಎಂದು ಗೊಣಗಿದ. ಒಂದು ತುಂಡನ್ನು ಮಾತ್ರ ಅತ್ತೆ ಅವನ ಕೈಯಿಂದ ಇಸಿದುಕೊಂಡರು.

ಎರಡನೇ ಸಲ ಅಂಗಡಿಗೆ ಹೋದಾಗ ಮೊದಲು ಮೂರೂ ಕಡೆಯ ಮರಗಳನ್ನು ಹೇಳಿಬಿಟ್ಟೆವು. ಚಂದ್ರಣ್ಣ ಹಳದಿ, ಕೆಂಪು, ಕಪ್ಪುಗಂದು ಎಲ್ಲವನ್ನೂ ಒಳಗಿಟ್ಟು, ಮೂಲೆಯಲ್ಲಿ ಧೂಳು ಹಿಡಿದಿದ್ದ ಒಂದು ಬೂದು ಬಣ್ಣದ ಹಲಗೆ ತಂದ. ಯಾರೂ ಕೇಳದ ಮಾಲು ಎಂದ. ನಮ್ಮ ಮನೆಯವರು ಮೂಸಿದರು. ಸಣ್ಣ ಮಾವ ಕನ್ನಡಕ ಏರಿಸಿ ನೋಡಿ, "ಇದಿ ಎವರಿದೀ ಕಾದು," ಎಂದರು. ಯಾರದ್ದೂ ಅಲ್ಲ ಎಂದರ್ಥ. ಆಮೇಲೆ ಸ್ವಲ್ಪ ತಡೆದು, ಅತ್ತೆಯ ಕಡೆ ತಿರುಗಿ, ತಮ್ಮ ಹೆಂಡತಿಯ ತವರಿನವರು ಯಾವ ಬೆಡಗು ಎಂದು ನಿಮಗೇನಾದರೂ ಗೊತ್ತೇ ಎಂದು ಮೆಲ್ಲಗೆ ಕೇಳಿದರು. ಹೋಗಿ ಅವಳನ್ನೇ ಕೇಳಪ್ಪ ಎಂದರು ಅತ್ತೆ.

ಬೂದು ನೆಲದ ಮೇಲೆ ಅತ್ತೆ ಬಲಗಾಲಿಟ್ಟು ಒಳಗೆ ಬಂದರು, ಪಾತ್ರೆ ಇಳಿಸಿ ಕವೆ ಒತ್ತಿ ಕೂತರು. ಏನೂ ಜಾರಲಿಲ್ಲ. ದೇವರ ಗೂಡಿನಲ್ಲಿ ಆ ಕಮರದ ತುಂಡಿಗೆ ಅರಿಶಿನ ಕುಂಕುಮ ಬಿದ್ದಿದೆ. ಅದರ ಪಕ್ಕದಲ್ಲಿ ಒಂದು ಕೆಂಪು ತುಂಡೂ ಇದೆ, ಅದನ್ನು ಅಂಗಡಿಯಿಂದ ನಾನು ಕೇಳಿ ತಂದದ್ದು. ಪ್ಲಾಸ್ಟಿಕ್ಕಿಗೆ ಪೂಜೆ ಮಾಡುತ್ತೀರಲ್ಲ ಎಂದು ನಮ್ಮ ಮನೆಯವರು ನಕ್ಕರು. ಗೋಡೆಯ ಮೇಲಿನ ಮಾವನ ಫೋಟೋ ತೋರಿಸಿದೆ, ಅದಕ್ಕೂ ಒಂದು ಕೈ ಮುಗಿದು ಹೊರಗೆ ಹೋದರು.

ಮೊನ್ನೆ ಹಿತ್ತಲಿನಲ್ಲಿ ಬಟ್ಟೆ ಒಣಹಾಕುವಾಗ ಚಪ್ಪಲಿ ತೂರಿ ಒಂದು ಜಾಲಿಮುಳ್ಳು ಅಂಗಾಲಿಗೆ ಇಳಿಯಿತು. ಅಯ್ಯೋ ಅವ್ವಾ ಎಂದು ಒಂಟಿಕಾಲಿನಲ್ಲಿ ನಿಂತೆ. ಈ ಸಲವಾದರೂ ಕೈಗಳು ಏನು ಮಾಡುತ್ತವೆ ನೋಡೋಣ ಎಂದುಕೊಂಡರೆ, ಅವು ಆಗಲೇ ಎದೆಯ ಹತ್ತಿರ ಕೂಡಿಕೊಂಡಿದ್ದವು.

ಅಡುಗೆಮನೆಯ ಕಿಟಕಿಯೊಳಗೆ ಮುದ್ದೆಕೋಲಿನ ಸದ್ದು ನಿಂತಿತು. "ಕೈ ಮುಗಿದಾಯ್ತಾ?" ಎಂದರು ಅತ್ತೆ.

"ಹೂಂ ಅತ್ತೆ."

"ಹಂಗಾದ್ರೆ ಕಿತ್ಕಂಡು ಬಾ. ಮುದ್ದೆ ಆರ್ತೈತೆ."